ಶೇಕಡಾ ಎಪ್ಪತ್ತು ಕಡಿತ

"ಸಾಹೇಬರು ಕರದಾರ್ರೀ. ಆ ವರದಿ ಹಿಡಕೊಂಡ ಬರ್ಬೇಕಂತ." ಜವಾನ ಪಾಂಡಪ್ಪ ತರಗತಿಯ ಬಾಗಿಲಲ್ಲೇ ನಿಂತು ಹೇಳಿದ. ಮಲ್ಲಿನಾಥ ಸರ್ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಸಾಹೇಬರೆಂದರೆ ಶಿದ್ರಾಮಪ್ಪನವರು. ಮುಧೋಳದ ಆಚೆಯ ಸಕ್ಕರೆ ಕಾರ್ಖಾನೆ ಅವರದು. ಅದರ ಮಗ್ಗುಲಿಗಿದ್ದ ಈ ಕಾಲೇಜೂ ಅವರದೇ. ಕಂಪನಿಗಳು ಉಗುಳುವ ಇಂಗಾಲವನ್ನು ಅಳೆದು ತಗ್ಗಿಸುವ ಪಾಠ ೨೦೧೪ರಲ್ಲಿ ಹೊಸದಾಗಿ ಬಂದಿತ್ತು. ಅಳೆಯಲು ಜಿಲ್ಲೆಯಲ್ಲಿ ಬೇರೇನೂ ಸಿಗದವರ ಹಾಗೆ ಮಲ್ಲಿನಾಥ ಸರ್ ಸಾಹೇಬರ ಕಾರ್ಖಾನೆಗೇ ಮಕ್ಕಳನ್ನು ಕರೆದೊಯ್ದಿದ್ದರು. ಕಲ್ಲಿದ್ದಲಿನ ಬಾಯ್ಲರ್, ಡೀಸೆಲ್ ಜನರೇಟರ್, ಕಬ್ಬಿನ ಲಾರಿ, ಮಕ್ಕಳು ಒಂದನ್ನೂ ಬಿಡಲಿಲ್ಲ. ಬಂದ ಅಂಕಿ ನೋಡಿ ಸರ್ ಎರಡು ಸಲ ಕನ್ನಡಕ ಒರೆಸಿಕೊಂಡರು. ಹನ್ನೊಂದು ವರ್ಷವಾದರೂ ಅವರ ನೌಕರಿ ಕಾಯಂ ಆಗಿರಲಿಲ್ಲ.

ಸಾಹೇಬರು ವರದಿಯನ್ನು ಕೊನೆಯ ಹಾಳೆಯವರೆಗೆ ಓದಿದರು.

"ಛಲೋ ಕಲಿಸೀರಿ ಮಾಸ್ತರ. ಒಂದ್ ಮಾತು. ನಮ್ಮ ಹೆಸರಿಲೆ ಇದ್ದದ್ದಷ್ಟ ನಮ್ಮ ಲೆಕ್ಕಕ್ಕ ಬರ್ತೈತೇನು?"

"ಮೊದಲಿಗೆ ಅದನ್ನ ಹಿಡೀತೀವ್ರೀ," ಸರ್ ಬೆವರು ಒರೆಸಿಕೊಂಡರು.

"ಹಂಗಾರ ಕಮ್ಮಿ ಮಾಡೇ ಬಿಡೋಣ. ನಿಮ್ಮನ್ನ ಬಿಟ್ಟ ಮಾತ್ರ ಮಾಡಂಗಿಲ್ಲ."

ನೌಕರಿ ಹೋಗಲಿಲ್ಲ. ತಿಂಗಳೊಳಗೆ ಕಾಯಂ ಆಯಿತು; ಮೇಲೆ ಪ್ರಾಚಾರ್ಯರ ಹುದ್ದೆ. ಅಧಿಕಾರ ವಹಿಸಿಕೊಂಡ ದಿನ ಪಾಂಡಪ್ಪ ತಂದಿಟ್ಟ ಕಾಗದದ ಕಟ್ಟಿಗೆಲ್ಲ ಸರ್ ಸಂತೋಷದಿಂದ ಸಹಿ ಹಾಕಿದರು. ಅಷ್ಟು ಸಂತೋಷದಲ್ಲಿ ಯಾರು ತಾನೇ ಓದುತ್ತಾರೆ?

ಆರು ತಿಂಗಳಲ್ಲಿ ಕಾರ್ಖಾನೆಯ ಇಂಗಾಲ ಶೇಕಡಾ ಎಪ್ಪತ್ತು ಇಳಿದಿದೆಯೆಂದು ಪತ್ರಿಕೆಗಳಲ್ಲಿ ಬಂತು. ಪರಿಸರ ಪ್ರಶಸ್ತಿಯೂ ಬಂತು. ಕಾರ್ಖಾನೆಯ ಬಯಲಿನಲ್ಲಿ ಪೆಂಡಾಲು ಎದ್ದಿತು. ಸಾಹೇಬರು ಸರ್‌ಗೆ ಬಿಳಿ ಶಾಲು ಹೊದಿಸಿದರು. ಸರ್ ವಿದ್ಯೆಯ ಶಕ್ತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಇಳಿದು ಬರುವಾಗ ಶಾಲಿನ ಮೇಲೆ ಬೂದಿ ಕೂತಿತ್ತು.

ವರದಿ ಬರೆದ ತಂಡದ ಕಾವೇರಿ ಅಡ್ಡ ಬಂದಳು. "ಸರ್, ಚಿಮಣಿ ಹೊಗಿ ಮೊದಲಿನಂಗ ಐತಲ್ರೀ. ನಮ್ಮವ್ವ ಇನ್ನೂ ಅರಿವಿ ಮನಿಯೊಳಗ ಒಣಹಾಕ್ತಾಳ."

"ಹೊಗಿ ಕಣ್ಣಿಲೆ ಅಳೀಬಾರದವಾ," ಸರ್ ಬೂದಿ ಕೊಡವಿದರು. "ಪಟ್ಟಿ ನೋಡಿ ಅಳೀಬೇಕು."

ಮರುವಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೊಬ್ಬರು ನೋಟಿಸು ಹಿಡಿದು ನೇರ ಪ್ರಾಚಾರ್ಯರ ಕೋಣೆಗೆ ಬಂದರು. ತಾಲೂಕಿನಲ್ಲೇ ಅತಿ ಹೆಚ್ಚು ಹೊಗೆ ಬಿಡುವವರಿಗೆ ಕೊಡುವ ನೋಟಿಸು.

ಸರ್ ನಕ್ಕು ಕಿಟಕಿಯತ್ತ ಬೆರಳು ಮಾಡಿದರು. "ದಾರಿ ತಪ್ಪೀರಿ. ಕಾರ್ಖಾನಿ ಆ ಕಡೆ ಐತ್ರೀ."

"ಕಾರ್ಖಾನಿಗೆ ಅಲ್ರೀ, ನಿಮ್ಮ ಕಡೆನ ಬಂದೇನಿ," ಎಂದ ಅಧಿಕಾರಿ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಕೆಳಗಿದ್ದ ಸಹಿ ಸರ್ ಅವರದೇ. ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು:

'ಕಾರ್ಖಾನೆಯಿಂದ ಕಾಲೇಜಿಗೆ ದಾನವಾಗಿ ಬಂದ ಪ್ರಯೋಗಾಲಯದ ಸಲಕರಣೆ: ಬಾಯ್ಲರ್ ಒಂದು, ಜನರೇಟರ್ ನಾಲ್ಕು, ಲಾರಿ ನಲವತ್ತೆರಡು. ಸಂಪೂರ್ಣ ಜವಾಬ್ದಾರಿ: ಪ್ರಾಚಾರ್ಯ ಮಲ್ಲಿನಾಥ.'