ಎರಡನೆಯವನ ಹೆಸರು

"ಆ ಎರಡನೆಯವನು ನಾನೇ," ಎಂದ ಮುದುಕ, ಗೋಡೆಯ ಫಲಕದ ಮೇಲಿಟ್ಟ ಬೆರಳನ್ನು ತೆಗೆಯಲೇ ಇಲ್ಲ. ಅಮೆರಿಕದ ಸುವಾನಿ ಊರಿನ ಬೇಸ್‌ಬಾಲ್ ತಂಡದ ಇತಿಹಾಸ ಹೇಳುವ ಹೊಸ ಫಲಕದಲ್ಲಿ ಆ ಸಾಲು ಹೀಗಿತ್ತು: 'ಚೆಂಡೆಸೆಯುವ ನಮ್ಮ ಪಿಚರ್‌ನನ್ನು ಬೇರೆ ತಂಡಕ್ಕೆ ಕೊಟ್ಟು ಅವರ ಇಬ್ಬರು ಆಟಗಾರರನ್ನು ಪಡೆದೆವು, ಎರಡನೆಯವನ ಹೆಸರು ಆಮೇಲೆ.' ಹಳೇ ಪತ್ರಿಕೆಯಲ್ಲಿದ್ದುದನ್ನು, ಫಲಕದ ಬರಹ ಸಿದ್ಧಪಡಿಸಿದ ಶ್ರಾವಣಿ ಹಾಗೇ ಇಳಿಸಿದ್ದಳು. ಆಮೇಲೆ ಬಂದವನು ಯಾರೆಂದು ಹುಡುಕುವ ಗೋಜಿಗೇ ಹೋಗಿರಲಿಲ್ಲ.

"ಇನ್ನೈದೇ ನಿಮಿಷದಲ್ಲಿ ಫಲಕದ ಓಪನಿಂಗು, ಅವರನ್ನ ಸೀಟಿಗೆ ಕಳ್ಸೇ," ಎಂದು ಗಂಡ ಅವಿನಾಶ್ ಚಡಪಡಿಸಿದ.

ಶ್ರಾವಣಿ ಆ ಸಾಲನ್ನು ಮತ್ತೆ ಓದಿದಳು. ವೀಸಾ ಮೇಲೆ ಈ ದೇಶಕ್ಕೆ ಬಂದ ವರ್ಷ ಅವಳ ಸಾಫ್ಟ್‌ವೇರ್ ಕಂಪನಿಯೂ ಅವಳ ಬಗ್ಗೆ ಕ್ಲೈಂಟಿಗೆ ಬರೆದುಕೊಟ್ಟದ್ದು ಅದನ್ನೇ: 'ಇಬ್ಬರು ಟೆಸ್ಟರ್‌ಗಳು, ಹೆಸರು ಆಮೇಲೆ.' ಬ್ಯಾಗಿನಿಂದ ಮಾರ್ಕರ್ ತೆಗೆದು ಮುದುಕನ ಕೈಗಿಟ್ಟಳು.

"ಏಯ್, ಅದು ಒರೆಸಿದ್ರೂ ಹೋಗಲ್ಲ ಕಣೇ!" ಎಂದ ಅವಿನಾಶ್.

"ಗೊತ್ತು," ಎಂದಳು ಶ್ರಾವಣಿ. "ದಪ್ಪಗೆ ಬರೀಲಿ."