ತಿದ್ದುಪಡಿಗೆ ಕಡೆಯ ದಿನ

ಮೂರನೆಯ ಸಲ ಫೋನ್ ಬಂದಾಗ ರೇವತಿ ಹರಿಹರದಲ್ಲಿ ದಾವಣಗೆರೆಯ ಬಸ್ಸು ಹತ್ತಿ ಕೂತಿದ್ದಳು.

"ಹೊರಟೀಯಾ?" ಕಾಲೇಜು ಕಚೇರಿಯ ಅದೇ ಹೆಣ್ಣುದನಿ. "ಅರ್ಜಿಯೊಳಗೆ ತಪ್ಪೈತೆ. ತಿದ್ದೋಕೆ ಇವತ್ತೇ ಕಡೇ ದಿನ. ನೀನೇ ಬರಬೇಕು."

ಗೆಳತಿ ಲತಾ ಹುಟ್ಟಿದ ವರ್ಷವನ್ನೇ ತಪ್ಪಾಗಿ ತುಂಬಿದ್ದಳು; ಮನೆಯಲ್ಲೇ ಕೂತು ಮೊಬೈಲಿನಲ್ಲಿ ತಿದ್ದಿಕೊಂಡಿದ್ದಳು. ತನ್ನದೇನು ಅದಕ್ಕಿಂತ ದೊಡ್ಡ ತಪ್ಪು? ಸೀಟು ಕೈತಪ್ಪಿದರೆ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿಸುವುದೆಂದು, ಸಾಕಿದ ಸೋದರತ್ತೆ ದುರುಗಮ್ಮ ಆಗಲೇ ಮಾತಾಡಿಟ್ಟಿದ್ದಳು. ರೇವತಿಗೆ ಭಯವಾಗಬೇಕಿತ್ತು. ಆ ದನಿ ಕೇಳಿ ಯಾಕೋ ಆಗಲಿಲ್ಲ.

ಕಚೇರಿಯಲ್ಲಿ ಫೋನಿನ ಅದೇ ದನಿಯ, ನಲವತ್ತರ ಆಸುಪಾಸಿನ ಹೆಂಗಸು. ಉಳಿದವರನ್ನೆಲ್ಲ ಕಿಟಕಿಯಲ್ಲೇ ಮಾತಾಡಿಸುತ್ತಿದ್ದವಳು ರೇವತಿಯನ್ನು ಒಳಗೆ ಕರೆದು ಕೂರಿಸಿದಳು. ಅಂಕಪಟ್ಟಿ ಕೇಳಲಿಲ್ಲ. ಅರ್ಜಿಯನ್ನು ಒಂದೊಂದೇ ಕಲಮಾಗಿ ನಿಧಾನಕ್ಕೆ ಓದತೊಡಗಿದಳು.

"ಅಂಗವೈಕಲ್ಯ, ಇಲ್ಲ." ತಲೆ ಎತ್ತಿದಳು. "ಎಡಗಿವಿ ಸರಿ ಕೇಳಿಸ್ತತಾ?"

"ಕೇಳಿಸ್ತತ್ರಿ. ಸಣ್ಣೋಳಿದ್ದಾಗ ಸೋರ್ತಿತ್ತು, ಅಷ್ಟೇ."

"ತಾಯಿ, ದಿವಂಗತ ಯಶೋದಾ." ಅಲ್ಲಿಗೆ ನಿಂತಳು. "ಮರಣ ಪ್ರಮಾಣಪತ್ರ ಹಚ್ಚಿಲ್ಲಲ್ಲ."

ರೇವತಿ ಅತ್ತೆಗೆ ಫೋನ್ ಹಚ್ಚಿದಳು.

"ಅದನ್ನೆಲ್ಲಿಂದ ತರಾನ? ಕಳೆದೋಗೈತೆ ಅಂತ ಹೇಳು," ಎಂದ ದುರುಗಮ್ಮ ತುಸು ತಡೆದಳು. "ಕೇಳ್ತಿರೋದು ಯಾರು?"

"ಆಫೀಸಿನ ಮೇಡಂ."

ಫೋನ್ ಕಟ್ಟಾಯಿತು.

"ಕಳೆದೋಗೈತಂತ್ರಿ," ಎಂದಳು ರೇವತಿ.

"ಏನಾಗಿ ತೀರಿಕೊಂಡರು ಅಂತ ಹೇಳ್ಯಾರ?"

"ಕಾಮಾಲೆ. ನಂಗಾಗ ಮೂರು ವರ್ಷ." ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಕೇಳಿದವರಿಗೆಲ್ಲ ಹೇಳಿ ಹೇಳಿ ಸವೆದ ಮಾತು. ಅಳು ಬರುವುದು ಯಾವಾಗಲೋ ನಿಂತಿತ್ತು. ಮನೆಯಲ್ಲಿ ತಾಯಿಯದೊಂದು ಫೋಟೊ ಕೂಡ ಇರಲಿಲ್ಲ.

ಹೆಂಗಸು ಕಂಪ್ಯೂಟರಿನತ್ತ ತಿರುಗಿದಳು. 'ದಿವಂಗತ' ಎಂಬುದನ್ನು ಅಕ್ಷರ ಅಕ್ಷರವಾಗಿ ಅಳಿಸಿದಳು.

ರೇವತಿ ಮುಂದೆ ಬಗ್ಗಿದಳು. "ಮೇಡಂ, ಅದನ್ನ ತೆಗೆದ್ರೆ ತಪ್ಪಾಗಲ್ವೇನ್ರಿ? ಆಮೇಲೆ ನನ್ನ ಸೀಟು..."

"ಸೀಟಿಗೇನೂ ಆಗಲ್ಲ. ಇದ್ದ ತಪ್ಪು ಅದೊಂದೇ, ರೇವತಿ," ಎಂದಳು ಆಕೆ. "ನಾನು ಸತ್ತಿಲ್ಲ."