ಬೂಟಿನ ದಾರ

ಪಾದ್ರಿಗಳು "ಈಗ ಒಬ್ಬರಿಗೊಬ್ಬರು ಕೈಕುಲುಕಿ ಶಾಂತಿ ಕೋರಿ" ಎಂದರು. ಅವರು ಅಂದಿದ್ದೇ ತಡ, ಮೇಷ್ಟ್ರ ಬೂಟಿನ ದಾರ ಬಿಚ್ಚಿಕೊಂಡಿತು. ಇದು ಆರನೇ ಭಾನುವಾರ. ಹಾಡು ಹೇಳುವಾಗ ಬಿಚ್ಚದ, ಪಾದ್ರಿಗಳ ಉಪದೇಶ ಎಷ್ಟು ಉದ್ದವಾದರೂ ಬಿಚ್ಚದ ದಾರ, ಹಿಂದಿನ ಬೆಂಚಿನಿಂದ ಆ ಕಪ್ಪು ಕೈ ಮುಂದೆ ಬರುವ ಗಳಿಗೆಗೆ ಸರಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮೇಷ್ಟ್ರು ಒಮ್ಮೆ ಬಗ್ಗಿದರೆಂದರೆ, ಜನರೆಲ್ಲ ಕೂತ ಮೇಲೆಯೇ ತಲೆ ಎತ್ತುವುದು.

ಚಾಚಿದ ಕೈ ಸುಮ್ಮನೆ ಗಾಳಿಯಲ್ಲಿ ನಿಂತಿರುತ್ತಿತ್ತು. ಆಗ ಮೇಷ್ಟ್ರ ಹೆಂಡತಿ ತಿರುಗಿ, ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಗಂಡನ ಪಾಲನ್ನೂ ಸೇರಿಸಿ ಕುಲುಕುತ್ತಿದ್ದಳು. ಕೈ ಲಿಫ್ಟ್ ಮೆಕ್ಯಾನಿಕ್‌ನದು. ಅವನೂ ಅವನ ಹೆಂಡತಿಯೂ ದೂರದ ದೇಶದಿಂದ ಬಂದು ಇಲ್ಲಿನ ಮಾತು ಕಲಿತವರು. ಆ ಚರ್ಚಿನಲ್ಲಿ ಅವರ ಬಣ್ಣದವರು ಬೇರೆ ಯಾರೂ ಇರಲಿಲ್ಲ.

ಅವತ್ತು ಚರ್ಚಿನ ಮೆಟ್ಟಿಲ ಮೇಲೆ ಮೆಕ್ಯಾನಿಕ್‌ನ ಹೆಂಡತಿ ಮೇಷ್ಟ್ರ ಹೆಂಡತಿಯ ತೋಳು ಹಿಡಿದು ನಿಲ್ಲಿಸಿದಳು. "ಅಕ್ಕಾ, ಇನ್ನೊಂದು ಭಾನುವಾರ ನೋಡೋಣ ಅಂತಿದಾರೆ ನಮ್ಮನೆಯವರು. ಆಮೇಲೆ ಬೇರೆ ಚರ್ಚ್ ಹುಡುಕ್ಕೋತೀವಿ. ಬೇಜಾರು ಮಾಡ್ಕೋಬೇಡಿ. ಈ ಊರಲ್ಲಿ ನನಗೆ ಅಕ್ಕ ಅನ್ನೋಕೆ ನೀವೊಬ್ರೇ ಇದ್ರಿ." ಮೇಷ್ಟ್ರ ಹೆಂಡತಿಗೆ ಅಳು ಬಂತು. ಮನೆ ಮುಟ್ಟುವಷ್ಟರಲ್ಲಿ ಅದು ಸಿಟ್ಟಾಗಿತ್ತು.

"ರೀ, ಇವತ್ತು ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಏನು ಪಾಠ ಮಾಡಿದ್ರಿ?" ಎಂದಳು ತಟ್ಟೆ ಒರೆಸುತ್ತಾ.

"ನೆರೆಯವರನ್ನ ಪ್ರೀತಿಸೋದು ಹೇಗೆ ಅಂತ. ಇಪ್ಪತ್ತು ವರ್ಷದಿಂದ ಅದನ್ನೇ ಹೇಳ್ಕೊಡ್ತಿದೀನಲ್ಲ."

"ಹಿಂದಿನ ಬೆಂಚಲ್ಲಿ ಇರೋರು ನೆರೆಯವರಲ್ವಾ?"

"ಲೇ, ದೇವರ ಮುಂದೆ ಎಲ್ಲರೂ ಒಂದೇ. ಅದರಲ್ಲಿ ಎರಡು ಮಾತಿಲ್ಲ. ಅವರೂ ಸ್ವರ್ಗಕ್ಕೆ ಬರ್ಲಿ, ನಾನೇನು ಬೇಡ ಅಂದ್ನಾ? ಆದ್ರೆ ಕೈ ಕುಲುಕ್ಲೇಬೇಕು ಅಂತ ಹತ್ತು ಆಜ್ಞೆಗಳಲ್ಲಿ ಎಲ್ಲೂ ಇಲ್ಲ."

"ಅಲ್ಲಿ ಅವರು ಕೈ ಚಾಚಿದ್ರೆ ಏನ್ಮಾಡ್ತೀರಿ? ಬಗ್ಗೋಕೆ ಸ್ವರ್ಗದಲ್ಲಿ ಬೆಂಚು ಇರುತ್ತೋ ಇಲ್ವೋ."

"ದಾರ ಬಿಚ್ಕೊಂಡ್ರೆ ನಾನೇನು ಮಾಡ್ಲಿ!" ಎಂದು ಮೇಷ್ಟ್ರು ಪೇಪರನ್ನು ಅಗಲಿಸಿ ಅದರ ಹಿಂದೆ ಅಡಗಿಕೊಂಡರು.

ತಪ್ಪು ದಾರದ್ದೇ ಆದರೆ ಮದ್ದು ಸುಲಭ ಎಂದುಕೊಂಡಳು ಹೆಂಡತಿ. ಮುಂದಿನ ಭಾನುವಾರ ಬೆಳಿಗ್ಗೆ ಮೇಷ್ಟ್ರಿಗೆ ಹಳೆಯ ಬೂಟು ಸಿಗಲಿಲ್ಲ. ಹಿಮ್ಮಡಿ ಸವೆದಿತ್ತು, ರಿಪೇರಿಗೆ ಕೊಟ್ಟಿದೀನಿ ಎಂದು ಹೇಳಿ, ಹೊಸ ಜೊತೆಯನ್ನು ಕಾಲ ಬಳಿ ಇಟ್ಟಳು. ಮೇಷ್ಟ್ರು ಕಾಲು ತೂರಿಸಿದರು. "ಆಹಾ, ಇಷ್ಟೇನಾ? ಕಟ್ಟೋದೂ ಬೇಡ ಬಿಚ್ಚೋದೂ ಬೇಡ!" ಎಂದು ಹಿಗ್ಗಿ, ನೆಲ ಟಪಟಪ ಬಡಿಯುತ್ತಾ ಚರ್ಚಿಗೆ ಹೊರಟರು. ಪಾಪ, ಅವರಿಗೆ ಅದರ ಅರ್ಥವಾದದ್ದು ಪಾದ್ರಿಗಳು ಶಾಂತಿ ಕೋರಲು ಹೇಳಿದಾಗ.

ಅಭ್ಯಾಸ ಬಲದಿಂದ ಬಗ್ಗಿದ್ದಾಗಿತ್ತು. ಬೆರಳುಗಳು ಬೂಟಿನ ಮೇಲೆಲ್ಲ ತಡಕಾಡಿದವು, ದಾರವೇ ಇಲ್ಲ. ಎದ್ದರೆ ಆ ಕೈ ಕಾದಿದೆ. ಮೇಷ್ಟ್ರು ಬೇರೆ ದಾರಿ ಕಾಣದೆ ಮಂಡಿಯೂರಿ, ಏನೋ ಕಳೆದುಕೊಂಡವರ ಹಾಗೆ ನೆಲ ಸವರತೊಡಗಿದರು. ಹೆಂಡತಿ ಈ ಸಲ ಹಿಂದಕ್ಕೆ ತಿರುಗಲಿಲ್ಲ. ತಿರುಗಿದರೆ ಮತ್ತೆ ತಾನೇ ಕುಲುಕಿಬಿಡುತ್ತೇನೆ ಎಂದು ಕೈಕಟ್ಟಿ ನಿಂತಳು. ಹಿಂದಿನ ಬೆಂಚಿನಲ್ಲಿ ಮೆಕ್ಯಾನಿಕ್‌ನ ಹೆಂಡತಿ ಬ್ಯಾಗನ್ನು ಹೆಗಲಿಗೇರಿಸಿಕೊಂಡ ಸದ್ದು ಕೇಳಿಸಿತು.

ಬೆಂಚು ಕಿರುಗುಟ್ಟಿತು. ಮೆಕ್ಯಾನಿಕ್ ಸಾಲಿನಿಂದ ಹೊರಬಂದು, ಬೆಂಚುಗಳ ನಡುವಿನ ದಾರಿಯಲ್ಲಿ ಮೇಷ್ಟ್ರ ಪಕ್ಕಕ್ಕೆ ಮಂಡಿಯೂರಿದ. ಇಕ್ಕಟ್ಟಿನಲ್ಲಿ ನುಸುಳುವುದೇ ಅವನ ಕೆಲಸ. ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಬೆಂಚಿನ ಅಡಿಗೆ ಬಿಟ್ಟ. "ಏನು ಬಿತ್ತು ಸಾರ್? ಇಬ್ರೂ ಹುಡುಕೋಣ."

ಬೆಳಕು ಧೂಳಿನ ಮೇಲೆ, ಯಾವುದೋ ಮಗು ಎಸೆದ ಪೆಪ್ಪರ್‌ಮೆಂಟ್ ಕಾಗದದ ಮೇಲೆ ಹಾದು, ಹೊಸ ಬೂಟಿನ ಮೇಲೆ ಬಂದು ನಿಂತಿತು. ಪಳಪಳ ಹೊಳೆಯುವ ಬೂಟು. ದಾರವಿಲ್ಲ, ದಾರ ಪೋಣಿಸಲು ತೂತೂ ಇಲ್ಲ. ಮೆಕ್ಯಾನಿಕ್ ಅದನ್ನು ನೋಡಿದ. ಆಮೇಲೆ ಮೇಷ್ಟ್ರ ಮುಖ ನೋಡಿದ. ಟಾರ್ಚ್ ಆರಿಸಿದ.

ಮೇಷ್ಟ್ರ ಹೆಂಡತಿ ಕಟ್ಟಿದ್ದ ಕೈ ಬಿಟ್ಟಳು. ಗಂಡನಿಗೆ ಬುದ್ಧಿ ಕಲಿಸಲು ಹೋಗಿ, ಆರು ವಾರದ ಅವಮಾನವನ್ನು ಈ ಮನುಷ್ಯನಿಗೇ ಬೆಳಕು ಬಿಟ್ಟು ತೋರಿಸಿದ ಹಾಗಾಯಿತಲ್ಲ. ಅವಳಿಗೆ ನಾಚಿಕೆಯಾಯಿತು.

"ಏನಾಯ್ತು ಅಲ್ಲಿ? ಯಾರಿಗಾದ್ರೂ ಹುಷಾರಿಲ್ವಾ?" ಪಾದ್ರಿಗಳು ಅಲ್ಲಿಂದಲೇ ಕೇಳಿದರು. ಇಡೀ ಚರ್ಚು ಕತ್ತು ಉದ್ದ ಮಾಡಿ ನೋಡುತ್ತಿತ್ತು.

ಮೆಕ್ಯಾನಿಕ್ ತಲೆ ಎತ್ತಿದ. "ಏನಿಲ್ಲ ಫಾದರ್. ಮೇಷ್ಟ್ರ ಬೂಟಿನ ದಾರ ಬಿಚ್ಕೊಂಡಿತ್ತು, ಕಟ್ಕೊಳ್ತಿದಾರೆ." ಆಮೇಲೆ ತಗ್ಗಿದ ದನಿಯಲ್ಲಿ, "ನಿಧಾನಕ್ಕೆ ಕಟ್ಕೊಳ್ಳಿ ಸಾರ್, ನಾನು ಕಾಯ್ತೀನಿ" ಎಂದು ಕೈ ಚಾಚಿದ.

ಮೇಷ್ಟ್ರ ಎರಡೂ ಕಿವಿ ಕೆಂಪೇರಿದವು. ಮಂಡಿ ಹಿಡಿದುಕೊಂಡಿತ್ತು, ಏಳಬೇಕಾದರೆ ಏನನ್ನಾದರೂ ಹಿಡಿಯಲೇಬೇಕು. ಒಂದು ಪಕ್ಕಕ್ಕೆ ಬೆಂಚಿನ ಅಂಚಿತ್ತು, ಇನ್ನೊಂದು ಪಕ್ಕಕ್ಕೆ ಆ ಕೈ. ಅವರು ಬೆಂಚನ್ನು ಒಮ್ಮೆ ನೋಡಿ ಕೈಯನ್ನು ಹಿಡಿದರು. ಎದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಬ್ಯಾಗು ಮೆಲ್ಲಗೆ ಹೆಗಲಿಂದಿಳಿಯಿತು.

ಎಲ್ಲರೂ ಕೂತರು. ಯಾರ ಕಣ್ಣಿಗೂ ಬೀಳದ ಹಾಗೆ ಮೇಷ್ಟ್ರು ಎರಡೂ ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡರು. ತಮಗಾಗಿ ಒಬ್ಬ ಹೇಳಿದ ಸುಳ್ಳನ್ನು ಅವರೀಗ ಕಾಪಾಡಬೇಕಿತ್ತು.